ಕಳೆದ ಪೆಟ್ಟಿಗೆಯ ಲೆಕ್ಕ

ಗಲ್ಫಿನಿಂದ ಮಂಗಳೂರಿಗೆ ಬಂದಿಳಿದವನ ಪೆಟ್ಟಿಗೆ ಬರಲಿಲ್ಲವೆಂದರೆ ಮನೆಯಲ್ಲಿ ಎರಡು ಬಗೆಯ ಸಲಹೆ ಸಿಗುತ್ತದೆ. ‘ನೀನು ಬಂದೆಯಲ್ಲ, ಸಬರ್ ಮಾಡು’ ಎನ್ನುತ್ತಾರೆ ಹಿರಿಯರು. ‘ಎರಡರಷ್ಟು ಬರೆ, ಅರ್ಧವಾದರೂ ಕೊಡುತ್ತಾರೆ’ ಎನ್ನುತ್ತಾರೆ ಗೆಳೆಯರು. ಎರಡೂ ನನಗೆ ಒಪ್ಪಿಗೆಯಿಲ್ಲ.

ಸಬರ್ ಕಳೆದುಕೊಂಡವನ ಮನಸ್ಸಿಗೆ ಸಂಬಂಧಿಸಿದ್ದು. ಕಂಪನಿಯ ಹೊಣೆಯನ್ನು ಅದು ಮನ್ನಾ ಮಾಡುವುದಿಲ್ಲ. ಭಾರತ 2009ರಲ್ಲಿ ಸೇರಿಕೊಂಡ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, 21 ದಿನವಾದರೂ ಬಾರದ ಸಾಮಾನಿಗೆ ಪರಿಹಾರ ಕೇಳುವುದು ಪ್ರಯಾಣಿಕನ ಹಕ್ಕು. ಹಿಂದಿನ ವಾರ್ಸಾ ಒಪ್ಪಂದ ಪರಿಹಾರದ ಮಿತಿಯನ್ನು ಕಿಲೋ ಲೆಕ್ಕದಲ್ಲಿ ಇಟ್ಟಿತ್ತು, ಈರುಳ್ಳಿ ತೂಗಿದಂತೆ! 2024ರ ಡಿಸೆಂಬರ್ ಕೊನೆಯಿಂದ ತಲೆಗೆ 1,519 ಎಸ್‌ಡಿಆರ್, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ಅದು ಗರಿಷ್ಠ ಮಿತಿ, ಇನಾಮಲ್ಲ, ನಷ್ಟವಾದಷ್ಟನ್ನೇ ಕೇಳಬೇಕು.

ನಷ್ಟವನ್ನು ತೋರಿಸುವುದು ಹೇಗೆ? ತಂಗಿಯ ಮದುವೆಗೆಂದು ಎರಡು ವರ್ಷ ಒಂದೊಂದಾಗಿ ಕೂಡಿಟ್ಟ ಬಟ್ಟೆಗಳ ರಸೀದಿಯನ್ನು ಯಾರು ಜೋಪಾನ ಮಾಡುತ್ತಾರೆ? ರಸೀದಿಯಿಲ್ಲವೆಂದು ಸೊನ್ನೆ ಬರೆಯುವ ಕಂಪನಿ ಪ್ರಯಾಣಿಕರೆಲ್ಲ ಸುಳ್ಳರೆಂದು ಮೊದಲೇ ತೀರ್ಮಾನಿಸಿರುತ್ತದೆ. ಎರಡರಷ್ಟು ಬರೆದವನು ಆ ತೀರ್ಮಾನಕ್ಕೆ ಸಾಕ್ಷಿ ಒದಗಿಸುತ್ತಾನೆ. ದಂಡ ತೆರುವವನು ಇದ್ದದ್ದನ್ನೇ ಬರೆದ ಇನ್ನೊಬ್ಬ ಕೂಲಿಕಾರ.

ನೆನಪಿರುವ ಬೆಲೆಯನ್ನು ಬರೆದು, ರಸೀದಿಯಿಲ್ಲದ ಕಡೆ ಇಲ್ಲವೆಂದೇ ಬರೆಯಲಿ. ಆಮೇಲೂ ಕೊಡದಿದ್ದರೆ ಗ್ರಾಹಕ ಆಯೋಗವಿದೆ, ದೂರಿಗೆ ಎರಡು ವರ್ಷದ ಅವಧಿಯಿದೆ.