ಸುಮ್ಮನೆ ನಡೆಯುವುದು ತಪ್ಪೇ?

ಶ್ರಾವಕರಿಗೆಂದೇ, ಅಂದರೆ ಜೈನ ಗೃಹಸ್ಥರಿಗೆಂದೇ, ಸಮಂತಭದ್ರ ಆಚಾರ್ಯರು ರಚಿಸಿದ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡ ವ್ರತ ಎಂಬುದೊಂದಿದೆ. ಸಂಸಾರಸ್ಥರಿಂದ ಜೀವಹಿಂಸೆ ಪೂರ್ತಿ ತಪ್ಪದು. ಹೊಲ ಉಳಬೇಕು, ಒಲೆ ಹಚ್ಚಬೇಕು. ಯಾವ ಪ್ರಯೋಜನವೂ ಇಲ್ಲದೆ ಆಗುವ ಹಿಂಸೆಯನ್ನಾದರೂ ಬಿಡಿ ಎನ್ನುತ್ತದೆ ಆ ವ್ರತ. ವ್ಯರ್ಥವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಾಕುವುದು, ಗಿಡಗಂಟಿ ಕಡಿಯುವುದು ಎಂದು ಸಾಗುವ ಪಟ್ಟಿಯ ಕೊನೆಗೆ ವ್ಯರ್ಥ ತಿರುಗಾಟವೂ ಬರುತ್ತದೆ, ಇತರರನ್ನು ತಿರುಗಾಡಿಸುವುದೂ ಬರುತ್ತದೆ. ಹಾಗಿದ್ದರೆ ರವಿವಾರ ನಿಪ್ಪಾಣಿಯಲ್ಲೋ ಚಿಕ್ಕೋಡಿಯಲ್ಲೋ ಬಸ್ಸು ಹತ್ತಿ ಭೋಜ ಎಂಬ ಹಳ್ಳಿಯಲ್ಲಿ ಇಳಿದು, ಯಾರ ಮನೆಗೂ ಹೋಗದೆ, ಯಾವ ದೇವರ ಹರಕೆಯೂ ಇಲ್ಲದೆ, ಕಬ್ಬಿನ ಹೊಲಗಳ ನಡುವಿನ ಗಾಡಿದಾರಿ ಹಿಡಿದು ನದಿಯ ತನಕ ನಡೆದು ಮರಳುವವರು ಮಾಡುತ್ತಿರುವುದೇನು? ಶಾಸ್ತ್ರದ ಒಂದೇ ಮಾತನ್ನು ಹಿಡಿದರೆ ಅದು ದೋಷ. ಅದೇ ಶಾಸ್ತ್ರದ ಉಳಿದ ಮಾತುಗಳನ್ನೂ ಕೂಡಿಸಿ ಓದಿದರೆ, ಸಂಸಾರಸ್ಥರ ಕೈಗೆಟುಕುವ ಒಳ್ಳೆಯ ಸಾಧನೆಗಳಲ್ಲಿ ಅದೂ ಒಂದು ಎಂಬುದು ನನ್ನ ವಾದ. ಬಸ್ಸು ಹತ್ತಿ ಹೋದದ್ದರಿಂದ ಅದರ ಬೆಲೆ ಕಡಿಮೆಯಾಗುವುದಿಲ್ಲ ಎಂಬುದೂ ಈ ವಾದದಲ್ಲಿ ಸೇರಿದೆ.

ಈ ಪ್ರಶ್ನೆಯನ್ನು ಭೋಜದ ನೆಲದಲ್ಲೇ ಕೇಳುವುದಕ್ಕೆ ಕಾರಣವಿದೆ. 1872ರಲ್ಲಿ ಹುಟ್ಟಿದ, ಭೋಜದ ಪಾಟೀಲ ಮನೆತನದ ಸಾತಗೌಡರು 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆ ಪಡೆದು ಶಾಂತಿಸಾಗರರಾದರು. ಆಚಾರ್ಯರಾಗಿ ಸಮ್ಮೇದ ಶಿಖರದವರೆಗೆ, ದೆಹಲಿಯವರೆಗೆ ಬರಿಗಾಲಲ್ಲಿ ವಿಹಾರ ಮಾಡಿದರು. 1955ರ ಸೆಪ್ಟೆಂಬರ್ 18ರಂದು ಕುಂಥಲಗಿರಿಯಲ್ಲಿ ಸಲ್ಲೇಖನದಿಂದ, ಅಂದರೆ ಆಹಾರ ತ್ಯಜಿಸುವ ವ್ರತದಿಂದ, ದೇಹ ಬಿಟ್ಟರು; ಉತ್ತರ ಭಾರತದಲ್ಲಿ ದಿಗಂಬರ ಮುನಿಪರಂಪರೆ ಮತ್ತೆ ಜೀವ ಪಡೆದದ್ದು ಬಹುಮಟ್ಟಿಗೆ ಅವರ ಆ ನಡಿಗೆಯಿಂದ. ಆಮೇಲೆ ಇದೇ ಸೀಮೆಯ ಕೋಥಳಿಯಿಂದ ದೇಶಭೂಷಣರು ಬಂದರು. 1925ರಲ್ಲಿ ಶೇಡಬಾಳದಲ್ಲಿ ವಿದ್ಯಾನಂದರು, 1946ರಲ್ಲಿ ಸದಲಗಾದಲ್ಲಿ ವಿದ್ಯಾಸಾಗರರು ಹುಟ್ಟಿದರು. ಹೀಗೆ ನಡೆಯುವುದನ್ನೇ ಧರ್ಮವಾಗಿ ಬಾಳಿದವರನ್ನು ಒಬ್ಬರ ಹಿಂದೊಬ್ಬರಂತೆ ಕೊಟ್ಟ ಸೀಮೆ ಇದು. ಇಲ್ಲಿ ನಡಿಗೆಯ ಬಗ್ಗೆ ಹಗುರವಾಗಿ ಮಾತಾಡಲಾಗದು.

ಆ ಮುನಿಗಳ ನಡಿಗೆಗೆ ನಿಯಮವುಂಟು, ಹೆಸರು ಈರ್ಯಾಸಮಿತಿ. ಹಗಲು ಬೆಳಕಿನಲ್ಲೇ ನಡೆಯಬೇಕು. ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆ ಇಡಬೇಕು. ಜನ, ದನ, ಗಾಡಿ ಓಡಾಡಿ ತುಳಿದ, ಬಿಸಿಲು ಬಿದ್ದ ದಾರಿಯನ್ನೇ ಹಿಡಿಯಬೇಕು, ಹಸಿರು ಹುಲ್ಲನ್ನು ತುಳಿಯಬಾರದು. ದಿನಕ್ಕೆ ಎಷ್ಟು ದೂರ ನಡೆದರೆ ಎಷ್ಟು ಪುಣ್ಯ ಎಂಬ ಲೆಕ್ಕ ಈ ನಿಯಮದಲ್ಲಿಲ್ಲ. ಇರುವುದು ಕಣ್ಣಿನ ಮಾತು, ಎಚ್ಚರದ ಮಾತು. ಗಾಡಿದಾರಿಯೊಂದರಲ್ಲಿ ನಾಲ್ಕು ಮೊಳವನ್ನು ನಿಜವಾಗಿ ನೋಡಿದರೆ ಏನೆಲ್ಲ ಕಾಣುತ್ತದೆ! ಚಕ್ಕಡಿಯ ಗಾಲಿ ಕೊರೆದ ಜಾಡಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಇರುವೆಸಾಲು ದಾಟುತ್ತಿರುತ್ತದೆ, ಕೆಲವು ಬಾಯಲ್ಲಿ ಬಿಳಿ ಮೊಟ್ಟೆ ಕಚ್ಚಿಕೊಂಡು. ಒಣಗುತ್ತಿರುವ ಎರೆಮಣ್ಣಿನ ಬಿರುಕಿನೊಳಗೆ ಬಸವನಹುಳ ತನ್ನ ಚಿಪ್ಪಿನ ಬಾಯಿ ಮುಚ್ಚಿಕೊಂಡು ಕೂತಿರುತ್ತದೆ. ನಡುವೆ ಬೆಳೆದ ಗರಿಕೆಯ ಮೇಲೆ ಕಾಲಿಟ್ಟರೆ ಮಿಡತೆಗಳು ಹಾರುತ್ತವೆ. ಜಾಡಿನಲ್ಲೇ ಕಾಲಿಟ್ಟರೆ ಹಾರುವ ಪ್ರಮೇಯವೇ ಅವಕ್ಕಿಲ್ಲ. ನೋಡಿ ನಡೆಯುವವರಿಗೆ ಅಹಿಂಸೆ ಅಂಗಾಲಿನ ಅಳತೆಗೆ ಇಳಿದು ಬರುತ್ತದೆ. ಅನರ್ಥದಂಡದ ತಿರುಗಾಟಕ್ಕೂ ಇದಕ್ಕೂ ವ್ಯತ್ಯಾಸವಿರುವುದು ಇಲ್ಲೇ. ಸಮಂತಭದ್ರರು ಆ ದೋಷವನ್ನು ಪ್ರಮಾದಚರ್ಯೆಯಲ್ಲಿ, ಅಂದರೆ ಎಚ್ಚರ ತಪ್ಪಿದ ನಡವಳಿಕೆಯಲ್ಲಿ ಸೇರಿಸಿದ್ದಾರೆ. ಎಚ್ಚರವೇ ಉದ್ದೇಶವಾದ ನಡಿಗೆಯನ್ನು ಉದ್ದೇಶವಿಲ್ಲದ್ದು ಎನ್ನುವುದು ಹೇಗೆ?

ಇದಕ್ಕೆ ಮೊದಲ ಆಕ್ಷೇಪ ನಿರೀಕ್ಷಿತವೇ: ಈರ್ಯಾಸಮಿತಿಯಂಥ ನಿಯಮಗಳು ಮುನಿಗಳಿಗಾಗಿ ಹೇಳಿದವು, ಬಸ್ಸಿನಿಂದ ಇಳಿದವರು ಎರಡು ತಾಸು ಅವನ್ನು ಅನುಕರಿಸುವುದು ಆಟವಾದೀತು. ಈ ಮಾತಿನಲ್ಲಿ ಹುರುಳಿದೆ. ಆದರೆ ಜೈನ ಧರ್ಮ ಶ್ರಾವಕರಿಗೂ ಮುನಿಗಳಿಗೂ ಬೇರೆ ಬೇರೆ ಧರ್ಮ ಹೇಳಿಲ್ಲ. ಅದೇ ಐದು ವ್ರತಗಳು. ಮುನಿಗಳಿಗೆ ಮಹಾವ್ರತ, ಗೃಹಸ್ಥರಿಗೆ ಅಣುವ್ರತ. ಪ್ರಮಾಣದಲ್ಲಿ ಮಾತ್ರ ಭೇದ. ಸಾಮಾಯಿಕದ, ಅಂದರೆ ಸಮಭಾವದ ಧ್ಯಾನದ, ಹೊತ್ತಿನಲ್ಲಿ ಶ್ರಾವಕರು ಮುನಿಭಾವಕ್ಕೆ ಸಮೀಪವಾಗುತ್ತಾರೆ ಎಂದು ಶಾಸ್ತ್ರವೇ ಒಪ್ಪುತ್ತದೆ. ಕೂತು ಮಾಡುವ ಸಾಮಾಯಿಕ ಅನುಕರಣೆಯ ಆಟವಲ್ಲವೆಂದಾದರೆ, ಎಚ್ಚರದಿಂದ ಎರಡು ತಾಸು ನಡೆಯುವುದೂ ಅಲ್ಲ.

ಇನ್ನು ಬಸ್ಸಿನ ವಿಷಯ. ಗೃಹಸ್ಥರಿಗೆ ಹೇಳಿದ ದಿಗ್ವ್ರತವೆಂದರೆ ಯಾವ ದಿಕ್ಕಿಗೆ ಎಷ್ಟು ದೂರ ಹೋಗಬಹುದೆಂದು ಬದುಕಿಗೆ ಎಲ್ಲೆ ಹಾಕಿಕೊಳ್ಳುವುದು. ಸಮುದ್ರ, ನದಿ, ಕಾಡು, ಬೆಟ್ಟಗಳನ್ನು ಗುರುತಾಗಿ ಇಟ್ಟುಕೊಳ್ಳುವುದು. ದೇಶಾವಕಾಶಿಕವೆಂದರೆ ಆ ಎಲ್ಲೆಯನ್ನೇ ಒಂದು ದಿನಕ್ಕೋ ಒಂದು ತಿಂಗಳಿಗೋ ಇನ್ನಷ್ಟು ಕಿರಿದು ಮಾಡಿಕೊಳ್ಳುವುದು: ಇಂಥ ಊರಿನವರೆಗೆ, ಇಂಥ ಹೊಲದವರೆಗೆ, ಈ ಹೊಳೆಯವರೆಗೆ. ಹಾಕಿಕೊಂಡ ಎಲ್ಲೆಯನ್ನು ಮರೆಯುವುದನ್ನೂ ತತ್ತ್ವಾರ್ಥಸೂತ್ರ ಅತಿಚಾರಗಳಲ್ಲಿ, ಅಂದರೆ ವ್ರತದ ದೋಷಗಳಲ್ಲಿ, ಎಣಿಸುತ್ತದೆ. ಎತ್ತ ಬೇಕಾದರೂ, ಎಷ್ಟು ಹೊತ್ತಿಗಾದರೂ ಹೊರಡಬಲ್ಲ ಸ್ವಂತ ಕಾರು ಈ ಮರೆವಿಗೆ ಅನುಕೂಲ. ಹಳ್ಳಿಯ ಬಸ್ಸಿಗೋ ನಿಗದಿಯಾದ ದಾರಿ, ನಿಗದಿಯಾದ ವೇಳೆ, ಸಂಜೆಗೊಂದು ಕೊನೆಯ ಬಸ್ಸು. ಅದು ಬಿಟ್ಟ ಕಡೆಯಿಂದ ಕಾಲು ಹೋದಷ್ಟೇ ಲೋಕ. ಭೋಜದ ಬಳಿ ಕೂಡುವ ವೇದಗಂಗಾ, ದೂಧಗಂಗಾ ನದಿಗಳಿಗಿಂತ ಒಳ್ಳೆಯ ಎಲ್ಲೆಗುರುತು ಯಾವ ವ್ರತಧಾರಿಗೆ ಬೇಕು? ನಿಯಮ ಹಿಡಿದವರಿಗೆ ವಾಯವ್ಯ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸು ಒದಗುವಷ್ಟು ಬೇರೆ ವಾಹನ ಒದಗದು.

ಆದರೂ ಬಸ್ಸಿನ ಚಕ್ರದ ಕೆಳಗೆ ಜೀವಗಳು ಸಾಯುತ್ತವಲ್ಲ, ಮುನಿಗಳು ವಾಹನ ಬಿಟ್ಟದ್ದು ಅದಕ್ಕಲ್ಲವೇ? ಹೌದು. ನಾನು ಹತ್ತದಿದ್ದರೂ ಬಸ್ಸು ಹೋಗಿಯೇ ಹೋಗುತ್ತಿತ್ತು ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿದ್ದು ಮೂರನ್ನೂ ಲೆಕ್ಕಕ್ಕೆ ಹಿಡಿಯುವ ಧರ್ಮದ ಮುಂದೆ ಟಿಕೆಟ್ ಪಡೆದವರು ಪಾಲುದಾರರೇ. ಆ ಪಾಲನ್ನು ಒಪ್ಪಿಕೊಂಡೇ ಹೇಳಬೇಕಾದದ್ದು ಇಷ್ಟು: ಐವತ್ತು ಜನ ಒಂದೇ ಗಾಡಿಯಲ್ಲಿ ಹೋದರೆ ಹಿಂಸೆ ಐವತ್ತು ಬೈಕುಗಳಷ್ಟು ಆಗುವುದಿಲ್ಲ. ಸಂಸಾರಸ್ಥರಿಗೆ ಶಾಸ್ತ್ರ ವಿಧಿಸಿದ್ದು ಪೂರ್ತಿ ಬಿಡುವುದನ್ನಲ್ಲ, ಕಡಿಮೆ ಮಾಡುತ್ತ ಹೋಗುವುದನ್ನು. ಮಹಾಬಳೇಶ್ವರಕ್ಕೋ ಗೋವಾಕ್ಕೋ ಕಾರಿನಲ್ಲಿ ಓಡುವ ಬದಲು ಪಕ್ಕದ ತಾಲೂಕಿನ ಹೊಳೆದಂಡೆಗೆ ಬಸ್ಸಿನಲ್ಲಿ ಹೋಗಿ ನಡೆಯುವುದು ಆ ದಿಕ್ಕಿನ ಹೆಜ್ಜೆಯೇ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ, ಅದು ಶಾಸ್ತ್ರದಿಂದಲ್ಲ, ಊರ ಕಟ್ಟೆಯಿಂದ ಬರುವಂಥದ್ದು. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಬಂದ ಮೇಲೆ, ಅವರು ಕೆಲಸವಿಲ್ಲದೆ ತಿರುಗಾಡತೊಡಗಿದರು ಎಂಬ ದೂರು ಎಲ್ಲೆಡೆ ಕೇಳಿಬಂತು. ಯಾವ ತಿರುಗಾಟ ವ್ಯರ್ಥ ಎಂದು ತೀರ್ಪು ಹೇಳುವವರು ಯಾರು? ವ್ರತವೆಂದರೆ ತಾನೇ ತನಗೆ ಹಾಕಿಕೊಳ್ಳುವ ಎಲ್ಲೆ. ಇನ್ನೊಬ್ಬರು ಹಾಕಿದ ಎಲ್ಲೆಯೊಳಗೆ ಜೀವಮಾನ ಕಳೆದವರಿಗೆ ದಿಗ್ವ್ರತದ ಪುಣ್ಯ ಸಲ್ಲುವುದಿಲ್ಲ, ಏಕೆಂದರೆ ಅವರು ಬಿಟ್ಟದ್ದು ಏನೂ ಇಲ್ಲ; ಅವರಿಗೆ ಸಿಕ್ಕಿಯೇ ಇರಲಿಲ್ಲ. ತಂಬಾಕಿನ ಕೆಲಸದಲ್ಲಿ ಬೆನ್ನು ಬಾಗಿಸಿದ ನಿಪ್ಪಾಣಿಯ ಹೆಣ್ಣುಮಗಳು ಒಂದು ಮಧ್ಯಾಹ್ನ ದೂಧಗಂಗೆಯ ದಂಡೆಯಲ್ಲಿ ನಡೆದರೆ ಅದನ್ನು ಅನರ್ಥ ಎನ್ನುವ ನಾಲಿಗೆಗೆ ಧರ್ಮದ ಬಲವಿಲ್ಲ. ಆದರೆ ಇದೇ ನ್ಯಾಯ ನಮಗೂ ತಿರುಗಿ ಬರುತ್ತದೆ: ನಾವು ನಡೆಯುವ ಹೊಲ ಯಾರದೋ ದುಡಿಮೆಯ ಜಾಗ. ಕಬ್ಬು ಕಡಿಯುವವರ ಗುಡಿಸಲ ಮುಂದೆ ನಿಂತು ಫೋಟೊ ಹೊಡೆಯುವ ಕಣ್ಣು ನಾಲ್ಕು ಮೊಳ ದೂರದ ಇರುವೆಯನ್ನು ಕಂಡರೂ ಅದನ್ನು ಎಚ್ಚರವೆನ್ನಲಾಗದು.

ಮಳೆಗಾಲದ ನಾಲ್ಕು ತಿಂಗಳು ಮುನಿಗಳು ವಿಹಾರ ನಿಲ್ಲಿಸಿ ಒಂದೇ ಊರಿನಲ್ಲಿ ಚಾತುರ್ಮಾಸ ಕೂರುತ್ತಾರೆ. ಆಗ ನೆಲದ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಜೀವ ತುಂಬಿರುತ್ತದೆ. ಅದೇ ತಿಂಗಳುಗಳಲ್ಲಿ ದೂಧಗಂಗೆಯ ಕಾರದಗಾ–ಭೋಜ ಸೇತುವೆ, ವೇದಗಂಗೆಯ ಭೋಜವಾಡಿ–ಕುನ್ನೂರ ಸೇತುವೆ ಹೊಳೆ ಏರಿದಾಗಲೆಲ್ಲ ಮುಳುಗುತ್ತವೆ, ಸಂಚಾರವೂ ನಿಲ್ಲುತ್ತದೆ. ಹಾಗಾಗಿ ಹೋಗುವವರು ದೀಪಾವಳಿ ಕಳೆದ ಮೇಲೆ ಹೋಗಿ. ಹೊರಡುವ ಮೊದಲೇ ಎಲ್ಲಿಯವರೆಗೆ ಎಂದು ಗೊತ್ತು ಮಾಡಿಕೊಳ್ಳಿ, ಬದುವಿನ ಹುಲ್ಲು ಬಿಟ್ಟು ಗಾಡಿಜಾಡಿನಲ್ಲೇ ನಡೆಯಿರಿ, ಎದುರು ಬಂದ ರೈತರನ್ನು ಮಾತಾಡಿಸಿ, ಇಳಿಯುವಾಗಲೇ ಕಂಡಕ್ಟರನ್ನು ಕೇಳಿ ಕೊನೆಯ ಬಸ್ಸಿನ ಹೊತ್ತು ತಿಳಿದುಕೊಳ್ಳಿ.