ಹಿರಿಯರಿಗೆ ಏನನ್ನು ಕೊಡೋಣ?

ಜುಲೈ ತಿಂಗಳ ನಾಲ್ಕನೆಯ ಭಾನುವಾರದಂದು ಹಿರಿಯರನ್ನು ಗೌರವಿಸುವ ವಾಡಿಕೆ ಈಗ ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಬೆಳೆದುಬಂದಿದೆ. ಯೇಸುಸ್ವಾಮಿಯ ಅಜ್ಜ-ಅಜ್ಜಿಯರಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬ ಜುಲೈ 26ರಂದು ಬರುತ್ತದೆ. ಅದಕ್ಕೆ ಸಮೀಪದ ಈ ಭಾನುವಾರವನ್ನು ಜಗದ್ಗುರು ಫ್ರಾನ್ಸಿಸ್‌ರವರು 2021ರಲ್ಲಿ ಅಜ್ಜ-ಅಜ್ಜಿಯರ ಹಾಗೂ ಹಿರಿಯರ ವಿಶ್ವದಿನವನ್ನಾಗಿ ಸ್ಥಾಪಿಸಿದರು. ಅಂದು ಬಲಿಪೂಜೆಯ ನಂತರ ಹಿರಿಯರನ್ನು ಸಾಲಾಗಿ ಕುಳ್ಳಿರಿಸಿ, ಶಾಲು ಹೊದಿಸಿ, ಹಣ್ಣು ಕೊಟ್ಟು, ಚಪ್ಪಾಳೆ ತಟ್ಟುತ್ತೇವೆ. ಅಂಥ ಒಂದು ಸಮಾರಂಭ ಮುಗಿದ ಮೇಲೆ ಎಪ್ಪತ್ತೊಂಬತ್ತು ವರ್ಷದ ತಾಯಿಯೊಬ್ಬರು ನನ್ನ ಬಳಿಗೆ ಬಂದು ಮೆಲುದನಿಯಲ್ಲಿ, "ಸ್ವಾಮಿ, ಮನೆಯಲ್ಲಿ ಇನ್ನೂ ನಾಲ್ಕು ಶಾಲು ಇವೆ. ಪೀಠದ ಹೂವು ಕತ್ತರಿಸಲು ಒಂದು ಒಳ್ಳೆಯ ಕತ್ತರಿ ಕೊಡಿಸಿದ್ದರೆ ಸಾಕಿತ್ತು" ಎಂದರು. ಪ್ರತಿ ಶನಿವಾರ ಸಂಜೆ ಪೀಠವನ್ನು ಅಲಂಕರಿಸುವವರು ಅವರೇ. ತುಕ್ಕು ಹಿಡಿದ ಕತ್ತರಿಯಿಂದ ಅವರು ದೇಟುಗಳನ್ನು ಕಷ್ಟಪಟ್ಟು ಕತ್ತರಿಸುವುದನ್ನು ಮೂರು ವರ್ಷಗಳಿಂದ ನೋಡಿಯೂ ನಾನು ಗಮನಿಸಿರಲಿಲ್ಲ.

ಪ್ರಿಯ ಓದುಗರೇ, ಉಡುಗೊರೆಯ ಆಯ್ಕೆ ಅಂಗಡಿಯಲ್ಲಿ ಮುಗಿಯುವ ವ್ಯವಹಾರವೆಂದು ನಾವು ಭಾವಿಸುತ್ತೇವೆ. ಆದರೆ ಅದು ಒಂದು ನೈತಿಕ ಪ್ರಶ್ನೆಯೂ ಹೌದು. ನಾವು ಕೊಡುವ ವಸ್ತು, ಪಡೆಯುವವರನ್ನು ನಾವು ಯಾರೆಂದು ಎಣಿಸಿದ್ದೇವೆ ಎಂಬುದನ್ನು ಬಾಯಿಬಿಟ್ಟು ಹೇಳುತ್ತದೆ. ಒಂದನೆಯ ಶತಮಾನದ ರೋಮನ್ ತತ್ವಜ್ಞಾನಿ ಸೆನೆಕಾ ಉಪಕಾರಗಳನ್ನು ಕುರಿತ ತನ್ನ ಗ್ರಂಥದಲ್ಲಿ ಈ ವಿಷಯವನ್ನು ಚರ್ಚಿಸಿದ್ದಾನೆ. ಪಡೆಯುವವನಿಗೆ ಅವನ ಕುಂದನ್ನು ನೆನಪಿಸುವ ವಸ್ತುವನ್ನು ಕಳುಹಿಸಬಾರದು, ರೋಗಿಷ್ಠನಿಗೆ ಔಷಧವನ್ನು ಕಾಣಿಕೆಯಾಗಿ ಕೊಟ್ಟರೆ ಅದು ಕಾಣಿಕೆಯಾಗದೆ ನಿಂದೆಯಾಗುತ್ತದೆ ಎಂಬುದು ಅವನ ಅಭಿಪ್ರಾಯ. ಆದರೆ ಅದೇ ಪುಟದಲ್ಲಿ ಅವನು ಇನ್ನೊಂದು ಮಾತನ್ನೂ ಹೇಳುತ್ತಾನೆ: ಮುದುಕನಿಗೆ ಬೇಟೆಯ ಆಯುಧ ಕೊಡುವುದು ವ್ಯರ್ಥ. ಮೊದಲನೆಯ ಮಾತನ್ನು ನಾನು ಒಪ್ಪುತ್ತೇನೆ. ಎರಡನೆಯದನ್ನು ಒಪ್ಪುವ ಮೊದಲು, ಆ ಮುದುಕ ಯಾರು, ಅವನು ಇಂದಿಗೂ ಬೇಟೆಗೆ ಹೋಗುತ್ತಾನೆಯೇ ಎಂದು ಕೇಳಬೇಕೆನಿಸುತ್ತದೆ. ಜ್ಞಾನಿಯಾದ ಸೆನೆಕಾನೂ ಇಲ್ಲಿ ವ್ಯಕ್ತಿಯನ್ನು ಬಿಟ್ಟು ವಯಸ್ಸನ್ನು ನೋಡಿದನು.

ಅವನನ್ನು ದೂರುವ ಹಕ್ಕು ನನಗಿಲ್ಲ. ನನ್ನ ತಂದೆಯವರಿಗೆ ಎಪ್ಪತ್ತಾರು ತುಂಬಿದ ವರ್ಷ, ಕ್ರಿಸ್ಮಸ್ ಹಬ್ಬಕ್ಕೆ ಊರಿಗೆ ಹೋದಾಗ, ಬೆಳ್ಳಿಯ ಹಿಡಿಯುಳ್ಳ ಅಂದವಾದ ಊರುಗೋಲೊಂದನ್ನು ಅವರಿಗೆ ಕೊಟ್ಟೆ. ಆಗಲೂ ಅವರು ಸೈಕಲ್ ತುಳಿದುಕೊಂಡು ತೋಟಕ್ಕೆ ಹೋಗುತ್ತಿದ್ದರು. ಕೋಲನ್ನು ತಿರುಗಿಸಿ ನೋಡಿ, "ಚೆನ್ನಾಗಿದೆ ಮಗನೇ. ನನ್ನನ್ನು ಇಷ್ಟು ಬೇಗ ಮುದುಕನನ್ನಾಗಿ ಮಾಡಿದೆಯಲ್ಲ" ಎಂದು ನಕ್ಕರು. ಕೋಲು ಗೋಡೆಯ ಮೊಳೆಗೆ ಸೇರಿತು. ನಮ್ಮ ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೆ ಬೇಕಾದ ಮೂರು ಫೇಸ್ ವಿದ್ಯುತ್ ಅನೇಕ ವೇಳೆ ರಾತ್ರಿಯ ಹೊತ್ತಿನಲ್ಲಿ ಬರುತ್ತದೆಂಬುದು ರೈತರಿಗೆಲ್ಲ ಗೊತ್ತು. ಕರೆಂಟು ಬಂದಾಗ ತಂದೆಯವರು ಎದ್ದು, ಮಿಣುಕುವ ಹಳೆಯ ಬ್ಯಾಟರಿಯೊಂದನ್ನು ಹಿಡಿದು ಬದುವಿನ ಮೇಲೆ ನಡೆದುಹೋಗಿ ನೀರು ತಿರುಗಿಸಿ ಬರುತ್ತಿದ್ದರು. ಆ ಬ್ಯಾಟರಿ ಸರಿಯಿಲ್ಲವೆಂದು ಅವರು ದೂರವಾಣಿಯಲ್ಲಿ ಎರಡು ಬಾರಿ ನನಗೆ ಹೇಳಿದ್ದರು. ಧರ್ಮಕೇಂದ್ರದ ಕೆಲಸಗಳ ನಡುವೆ ಆ ಮಾತು ನನ್ನ ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿದಿರಲಿಲ್ಲ.

ತಂದೆಗೆ ಬೇಕಾದದ್ದನ್ನು ಬಿಟ್ಟು ಬೇಡವಾದದ್ದನ್ನು ಏಕೆ ಕೊಟ್ಟೆ? ಈ ಪ್ರಶ್ನೆಯನ್ನು ಪ್ರಾರ್ಥನೆಯಲ್ಲಿ ಅನೇಕ ಬಾರಿ ಕೇಳಿಕೊಂಡಿದ್ದೇನೆ. ಅವರು ಎಲ್ಲಿಯಾದರೂ ಬಿದ್ದಾರೆಂಬ ಭಯ ನನ್ನಲ್ಲಿತ್ತು. ಊರುಗೋಲು ಆ ನನ್ನ ಭಯಕ್ಕೆ ಮದ್ದಾಗಿತ್ತೇ ಹೊರತು ಅವರ ಅಗತ್ಯಕ್ಕೆ ಉತ್ತರವಾಗಿರಲಿಲ್ಲ. ಇಂದು ದೂರದೇಶಗಳಲ್ಲಿರುವ ಮಕ್ಕಳು ತಂದೆತಾಯಿಗಳ ಮನೆಗೆ ಕ್ಯಾಮೆರಾ ಹಾಕಿಸುತ್ತಾರೆ, ಒರಗುಕುರ್ಚಿ ಕಳುಹಿಸುತ್ತಾರೆ, "ಅಮ್ಮಾ, ನೀನು ಏನೂ ಮಾಡಬೇಡ, ಸುಮ್ಮನೆ ಕೂತಿರು" ಎನ್ನುತ್ತಾರೆ. ಅವರ ಪ್ರೀತಿಯನ್ನು ನಾನು ಶಂಕಿಸುವುದಿಲ್ಲ. ಆದರೆ ಜೀವನವಿಡೀ ದುಡಿದ ಕೈಗಳಿಗೆ ಸುಮ್ಮನೆ ಕೂರುವುದು ವಿಶ್ರಾಂತಿಯಲ್ಲ, ಶಿಕ್ಷೆ. "ಅರವತ್ತಕ್ಕೆ ಅರಳು ಮರಳು" ಎಂಬ ಗಾದೆಯನ್ನು ಎಲ್ಲ ಹಿರಿಯರಿಗೂ ಅನ್ವಯಿಸಿ, ನಾವೇ ಅವರ ಜಗತ್ತನ್ನು ಒಂದು ಕೋಣೆಗೆ ಇಳಿಸಿಬಿಡುತ್ತೇವೆ.

ಪವಿತ್ರ ಗ್ರಂಥದಲ್ಲಿ ಇಬ್ಬರು ಹಿರಿಯರಿದ್ದಾರೆ. ಯೆಹೋಶುವನ ಗ್ರಂಥದ 14ನೆಯ ಅಧ್ಯಾಯದಲ್ಲಿ ಎಂಬತ್ತೈದು ವರ್ಷದ ಕಾಲೇಬನು ತನ್ನ ಪಾಲನ್ನು ಕೇಳಲು ಬರುತ್ತಾನೆ. ಅವನು ಕೇಳಿದ್ದು ನೆರಳಿನ ಜಾಗವನ್ನಲ್ಲ, ಕೋಟೆಗಳಿಂದಲೂ ಬಲಶಾಲಿಗಳಿಂದಲೂ ಕೂಡಿದ ಬೆಟ್ಟದ ಸೀಮೆಯನ್ನು. ಯೆಹೋಶುವನು ಅವನ ವಯಸ್ಸನ್ನು ಎತ್ತಿ ತೋರಿಸಲಿಲ್ಲ. ಆಶೀರ್ವದಿಸಿ ಹೆಬ್ರೋನನ್ನು ಕೊಟ್ಟನು. ಸಮುವೇಲನ ಎರಡನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಎಂಬತ್ತು ವರ್ಷದ ಬರ್ಜಿಲ್ಲೈ ಇದ್ದಾನೆ. ಕಷ್ಟಕಾಲದಲ್ಲಿ ತನಗೆ ಅನ್ನವಿಟ್ಟ ಅವನನ್ನು ದಾವೀದನು ಜೆರುಸಲೇಮಿನ ಅರಮನೆಗೆ ಕರೆಯುತ್ತಾನೆ. ಊಟದ ರುಚಿಯಾಗಲಿ ಹಾಡಿನ ಇಂಪಾಗಲಿ ತನಗೆ ತಿಳಿಯದು, ತಂದೆತಾಯಿಯರ ಸಮಾಧಿಯಿರುವ ತನ್ನ ಊರೇ ಸಾಕು ಎಂದು ಅವನು ವಿನಯದಿಂದ ನಿರಾಕರಿಸುತ್ತಾನೆ. ಅರಸನು ಒತ್ತಾಯಿಸದೆ ಅವನಿಗೆ ಮುದ್ದಿಟ್ಟು ಊರಿಗೆ ಕಳುಹಿಸಿಕೊಡುತ್ತಾನೆ. ಒಬ್ಬನು ಬೆಟ್ಟವನ್ನು ಕೇಳಿದನು, ಇನ್ನೊಬ್ಬನು ಅರಮನೆಯನ್ನೂ ಬೇಡವೆಂದನು. ಇಬ್ಬರ ವಯಸ್ಸೂ ಹೆಚ್ಚುಕಡಿಮೆ ಒಂದೇ. ಯೆಹೋಶುವನಾಗಲಿ ದಾವೀದನಾಗಲಿ ವಯಸ್ಸನ್ನು ಲೆಕ್ಕ ಹಾಕದೆ ಎದುರಿಗಿದ್ದವರ ಮಾತಿಗೆ ಕಿವಿಗೊಟ್ಟದ್ದರಿಂದಲೇ ಅವರ ಕೊಡುಗೆ ಯೋಗ್ಯವಾಯಿತು.

ಹತ್ತು ಕಟ್ಟಳೆಗಳಲ್ಲಿ ನಾಲ್ಕನೆಯದು ತಂದೆತಾಯಿಗಳನ್ನು ಗೌರವಿಸು ಎನ್ನುತ್ತದೆ. ಅಲ್ಲಿ ಗೌರವಕ್ಕೆ ಬಳಸಿರುವ ಹೀಬ್ರೂ ಪದದ ಮೂಲಾರ್ಥ ಭಾರ, ತೂಕ. ಹಿರಿಯರ ಮಾತಿಗೆ ತೂಕ ಕೊಡುವುದು ಎಂದು ನಾವೂ ಹೇಳುತ್ತೇವಲ್ಲವೇ? ಅವರ ಮಾತನ್ನು ಹಗುರವಾಗಿ ತಳ್ಳಿ, ಭಾರವಾದ ಬೆಲೆಯ ವಸ್ತುವನ್ನು ಕೈಗಿತ್ತರೆ ಆ ಕಟ್ಟಳೆಯನ್ನು ಪಾಲಿಸಿದಂತಾಗದು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆಯುಂಟು. ಹಿರಿಯರು ಕೇಳಿದ್ದನ್ನೆಲ್ಲ ಕೊಟ್ಟು, ಅವರು ಕತ್ತಲಲ್ಲಿ ಹಾವುಹುಳುಗಳ ನಡುವೆ ನಡೆಯಲೆಂದು ಬಿಟ್ಟುಬಿಡುವುದು ಪ್ರೀತಿಯೇ? ಅಲ್ಲ. ಅಪಾಯವನ್ನು ಕಾಣದಿರುವುದೂ ಉಪೇಕ್ಷೆಯೇ. ಇದಕ್ಕೆ ಉತ್ತರವನ್ನು ನನಗೆ ಕಲಿಸಿದವಳು ನನ್ನ ತಂಗಿ. ಮರುವರ್ಷ ಅವಳು ತಂದೆಯವರಿಗೆ ತಲೆಗೆ ಕಟ್ಟಿಕೊಳ್ಳುವ ಬ್ಯಾಟರಿಯನ್ನೂ ಮೊಣಕಾಲುದ್ದದ ರಬ್ಬರ್ ಬೂಟುಗಳನ್ನೂ ತಂದುಕೊಟ್ಟಳು. ಕೊಡುವಾಗ ಒಂದು ಕರಾರನ್ನೂ ಮಾಡಿಕೊಂಡಳು: ರಾತ್ರಿ ಹೊರಡುವ ಮುನ್ನ ಪಕ್ಕದ ಮನೆಯವರಿಗೆ ಕೂಗಿ ಹೇಳಿ ಹೋಗಬೇಕು. ತಂದೆ ಸಂತೋಷದಿಂದ ಒಪ್ಪಿದರು. ಅವಳಿಗೂ ನನ್ನಷ್ಟೇ ಭಯವಿತ್ತು. ಆದರೆ ಅವಳು ತಂದೆಯವರ ದಾರಿಯನ್ನು ಮುಚ್ಚಲಿಲ್ಲ, ಅದಕ್ಕೆ ಬೆಳಕು ಕೊಟ್ಟಳು. ಮುಂದೆ ಆರು ವರ್ಷ ಅವರು ಆ ಬೆಳಕಿನಲ್ಲಿ ತೋಟಕ್ಕೆ ನೀರು ಹಾಯಿಸಿದರು.

ಆದ್ದರಿಂದ ಹಬ್ಬಕ್ಕೋ ಜನ್ಮದಿನಕ್ಕೋ ಕೊಡುಗೆಯನ್ನು ಆರಿಸುವ ಮುನ್ನ ಆ ಹಿರಿಯರೊಡನೆ ಒಂದು ಇಡೀ ದಿನ ಇದ್ದು ನೋಡಿ. ಅವರ ಕೈ ಯಾವ ಕೆಲಸಕ್ಕೆ ತಾನಾಗಿಯೇ ಹೋಗುತ್ತದೆ, ಎಲ್ಲಿ ತಡವರಿಸುತ್ತದೆ ಎಂಬುದನ್ನು ಗಮನಿಸಿ. ಬೈಬಲನ್ನು ಕಿಟಕಿಯ ಬಳಿ ಒಯ್ದು ಓದುವವರಿಗೆ ದೊಡ್ಡಕ್ಷರದ ಪ್ರತಿ, ಅದಕ್ಕೂ ಮೊದಲು ಕಣ್ಣಿನ ವೈದ್ಯರಲ್ಲಿಗೆ ಜೊತೆಯಾಗಿ ಒಂದು ಪಯಣ; ಹಿತ್ತಿಲಲ್ಲಿ ಸೊಪ್ಪು ಬೆಳೆಯುವವರಿಗೆ ಹಗುರವಾದ ಕೈಗುದ್ದಲಿ ಮತ್ತು ಒಳ್ಳೆಯ ಬೀಜ; ದಿನವೂ ಪೂಜೆಗೆ ನಡೆದು ಬರುವವರಿಗೆ ಜಾರದ ಪಾದರಕ್ಷೆ. ಇವು ದುಬಾರಿಯಲ್ಲ. ಇವುಗಳ ನಿಜವಾದ ಬೆಲೆ ನಾವು ಗಮನಿಸಲು ವ್ಯಯಿಸಿದ ಸಮಯ. ಎಲ್ಲ ಕೊಡುಗೆಗಳಿಗೂ ಮೊದಲ ಕೊಡುಗೆ ಪ್ರೀತಿಯೇ, ಉಳಿದವೆಲ್ಲ ಅದರ ಮೂಲಕ ಬರುತ್ತವೆ ಎಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದ್ದು ಇದನ್ನೇ.

ಇನ್ನೊಂದನ್ನು ಮರೆಯಬಾರದು. ಹಿರಿಯರಿಗೂ ಕೊಡುವ ಆಸೆಯಿದೆ. ಜಗದ್ಗುರು ಎರಡನೆಯ ಜಾನ್ ಪಾಲ್‌ರವರು 1999ರ ಅಕ್ಟೋಬರ್ 1ರಂದು ಹಿರಿಯರಿಗೆ ಪತ್ರ ಬರೆದಾಗ ಅವರಿಗೇ ಎಪ್ಪತ್ತೊಂಬತ್ತು ವರ್ಷ; ಮರುವರ್ಷ ಪವಿತ್ರ ನಾಡಿಗೆ ಯಾತ್ರೆ ಹೋಗಿಬಂದರು. ಕೈ ನಡುಗುತ್ತಿದ್ದರೂ ಧರ್ಮಸಭೆಗೆ ಕೊಡುವುದನ್ನು ಅವರು ನಿಲ್ಲಿಸಲಿಲ್ಲ. ನಿಮ್ಮ ಅಜ್ಜಿ ಹಾಕಿಕೊಟ್ಟ ಉಪ್ಪಿನಕಾಯಿಯನ್ನು, ಅಜ್ಜ ಹೇಳಿಕೊಡುವ ಕಸಿ ಕಟ್ಟುವ ವಿದ್ಯೆಯನ್ನು ಕೃತಜ್ಞತೆಯಿಂದ ಸ್ವೀಕರಿಸಿ. ನೀವು ಅವರಿಂದ ಪಡೆಯುವುದೂ ಅವರಿಗೆ ನೀವು ಕೊಡುವ ಕೊಡುಗೆಯೇ.

ತಂದೆಯವರು ತೀರಿಕೊಂಡ ಮೇಲೆ ಊರಿನ ಮನೆಯಲ್ಲಿ ಆ ಊರುಗೋಲನ್ನು ಕಂಡೆ. ಅದರ ತುದಿಗೆ ಮಣ್ಣು ತಗುಲಿರಲಿಲ್ಲ. ಪಕ್ಕದ ಮೊಳೆಯಲ್ಲಿ ತಂಗಿ ಕೊಟ್ಟ ಬ್ಯಾಟರಿ ತೂಗುತ್ತಿತ್ತು, ಅದರ ಪಟ್ಟಿ ಬೆವರಿನಿಂದ ಕಪ್ಪಾಗಿತ್ತು. ಪೀಠದ ಹೂವಿನ ಆ ತಾಯಿಗೆ ಕತ್ತರಿಯನ್ನು ಮರುದಿನವೇ ಪೇಟೆಯಿಂದ ತಂದುಕೊಟ್ಟೆ. ನಿಮ್ಮ ಮನೆಯ ಹಿರಿಯರು ಎರಡು ಬಾರಿ ಹೇಳಿಯೂ ನೀವು ಕೇಳಿಸಿಕೊಳ್ಳದ ಮಾತು ಯಾವುದಾದರೂ ಇದೆಯೇ, ಇಂದು ಸಂಜೆಯ ಜಪಸರದ ನಂತರ ಒಮ್ಮೆ ನೆನಪಿಸಿಕೊಳ್ಳಿ. ಕೇಳುವ ಕಿವಿಯನ್ನು ದೇವರು ನಮಗೆಲ್ಲರಿಗೂ ದಯಪಾಲಿಸಲಿ.