ಹೆತ್ತವರ ಬಗ್ಗೆ ನಾವು ನುಡಿಯುವ ಸಾಕ್ಷ್ಯ

‘ಅರುವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮಲ್ಲಿದೆ. ಮನೆಯ ಹಿರಿಯರು ಏನನ್ನಾದರೂ ಮರೆತಾಗ ಈ ಮಾತು ಹೇಳಿ ಸುಮ್ಮನಾಗುವವರೇ ಹೆಚ್ಚು. ಆದರೆ ವಯಸ್ಸಿನ ಸಹಜ ಮರೆವು ಬೇರೆ, ಡಿಮೆನ್ಷಿಯಾ ಎಂಬ ರೋಗ ಬೇರೆ. ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು ಎಲ್ಲರಿಗೂ ಇದ್ದದ್ದೇ. ಸಲೀಸಾಗಿ ಮಾಡುತ್ತಿದ್ದ ನಿತ್ಯದ ಕೆಲಸವೇ ಇನ್ನೊಬ್ಬರ ನೆರವಿಲ್ಲದೆ ಆಗದಂತಾದರೆ ಅದನ್ನು ಕಡೆಗಣಿಸಬಾರದು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ, 60 ದಾಟಿದ ಭಾರತೀಯರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ರೋಗವಿದೆ.

ನಿತ್ಯದ ಬದುಕನ್ನು ಅಳೆಯುವುದು ಹೇಗೆ? ಅಮೆರಿಕದ ಲಾಟನ್ ಮತ್ತು ಬ್ರೋಡಿ 1969ರಲ್ಲಿ ಎಂಟು ಕೆಲಸಗಳ ಪಟ್ಟಿಯೊಂದನ್ನು ಕೊಟ್ಟರು: ದೂರವಾಣಿ, ಖರೀದಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಪ್ರಯಾಣ, ಔಷಧ ಸೇವನೆ, ಹಣದ ವ್ಯವಹಾರ. ಆದರೆ ಮೊಳಕಾಲ್ಮುರಿನ ರೇಷ್ಮೆ ನೇಕಾರರೊಬ್ಬರು ಎಂದೂ ಒಲೆಯ ಮುಂದೆ ಕುಳಿತವರಲ್ಲ. ಚಳ್ಳಕೆರೆಯ ಅಜ್ಜಿಯೊಬ್ಬರು ಎಂದೂ ಬ್ಯಾಂಕಿನ ಮೆಟ್ಟಿಲು ಹತ್ತಿದವರಲ್ಲ. ಎಂದೂ ಮಾಡದ ಕೆಲಸ ಬಾರದಿದ್ದರೆ ಅದು ರೋಗವೇ? ಈ ತೊಡಕನ್ನು ಮನಗಂಡೇ, ಅಕ್ಷರ ಬಾರದ ಹಳ್ಳಿಗರಿಗೂ ಹೊಂದುವ ಅಳತೆಯೊಂದನ್ನು ಹರಿಯಾಣದ ಬಲ್ಲಭಗಢದಲ್ಲಿ ರೂಪಿಸಿ 1999ರಲ್ಲಿ ಪ್ರಕಟಿಸಲಾಯಿತು.

ಆದ್ದರಿಂದ ಹಿರಿಯರನ್ನು ಪಕ್ಕದ ಮನೆಯವರೊಂದಿಗೆ ಹೋಲಿಸಬಾರದು, ಅವರದೇ ನಿನ್ನೆಯೊಂದಿಗೆ ಹೋಲಿಸಬೇಕು. ನೇಕಾರರಿಗೆ ಜರಿಯ ಎಳೆಯ ಲೆಕ್ಕ ತಪ್ಪುತ್ತಿದೆಯೇ? ಶೇಂಗಾ ವ್ಯಾಪಾರಿಗೆ ತೂಕಕ್ಕೂ ದರಕ್ಕೂ ಹೊಂದಿಸಿ ಹಣ ಎಣಿಸಲಾಗುತ್ತಿಲ್ಲವೇ? ವುಝೂವಿನ ಕ್ರಮ ಕಲೆಸಿಹೋಗುತ್ತಿದೆಯೇ? ಒಮ್ಮೆ ರಕಅತ್‌ಗಳ ಎಣಿಕೆ ತಪ್ಪುವುದು ರೋಗವಲ್ಲ. ಎಲ್ಲರಿಗೂ ಹಾಗಾಗುವುದರಿಂದಲೇ ಸಜ್ದಾ ಸಹ್ವ್‌ನ ವಿಧಿಯಿದೆ. ಪದೇ ಪದೇ ಆಗುತ್ತಿದೆಯೇ, ಹೆಚ್ಚುತ್ತಿದೆಯೇ ಎಂಬುದು ಮುಖ್ಯ.

ಇದನ್ನು ವೈದ್ಯರಿಗೆ ಹೇಳುವವರು ಯಾರು? ತನ್ನಲ್ಲಾದ ಬದಲಾವಣೆ ರೋಗಿಗೆ ಎಷ್ಟೋ ಸಲ ತಿಳಿಯುವುದಿಲ್ಲ. ಮನೆಯಲ್ಲಿ ಉರ್ದು ಆಡುವ ತಾಯಿ ಕನ್ನಡದ ಪ್ರಶ್ನೆಗೆ ತಡವರಿಸಲೂಬಹುದು. ಹಾಗಾಗಿ ವೈದ್ಯರು ಮಗನನ್ನೋ ಸೊಸೆಯನ್ನೋ ಕೇಳುತ್ತಾರೆ. ತಕ್ಕಡಿ ಈಗ ನಮ್ಮ ಕೈಗೆ ಬಂತು. ನಾವು ಕೊಡುವ ಉತ್ತರ ಬರಿಯ ಮಾಹಿತಿಯಲ್ಲ, ಅದು ಸಾಕ್ಷ್ಯ. ತನ್ನ ವಿರುದ್ಧವಾದರೂ, ಮಾತಾಪಿತರ ವಿರುದ್ಧವಾದರೂ ನ್ಯಾಯದ ಸಾಕ್ಷ್ಯವನ್ನೇ ನುಡಿಯಬೇಕೆಂದು ಪವಿತ್ರ ಕುರ್‌ಆನ್ (ಅನ್ನಿಸಾ: 135) ಆದೇಶಿಸುತ್ತದೆ.

ಈ ಸಾಕ್ಷ್ಯ ಎರಡು ಕಡೆಗೆ ವಾಲುತ್ತದೆ. ‘ನಮ್ಮ ಅಬ್ಬಾಗೆ ಏನೂ ಆಗಿಲ್ಲ’ ಎಂದು ಮಾನಕ್ಕಂಜಿ ಮುಚ್ಚಿಡುವುದು ಒಂದು. ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆ, ಖಿನ್ನತೆ ಮುಂತಾದವುಗಳಿಂದಲೂ ಮರೆವು ಬರುತ್ತದೆ, ಅವುಗಳಿಗೆ ಚಿಕಿತ್ಸೆಯಿದೆ. ಮುಚ್ಚಿಟ್ಟರೆ ಆ ಅವಕಾಶವೂ ಕೈತಪ್ಪುತ್ತದೆ. ‘ಅವರಿಗೇನೂ ತಿಳಿಯುವುದಿಲ್ಲ’ ಎಂದು ಬೇಗನೆ ತೀರ್ಪಿತ್ತು ಹಣ, ಬೀಗದ ಕೈ, ಹೆಬ್ಬೆಟ್ಟು ಎಲ್ಲವನ್ನೂ ತನ್ನದಾಗಿಸಿಕೊಳ್ಳುವುದು ಇನ್ನೊಂದು. ಮಂಡಿನೋವಿನಿಂದ ಸಂತೆಗೆ ಹೋಗದವರನ್ನು, ಕಿವಿ ಮಂದವಾಗಿ ಉತ್ತರಿಸದವರನ್ನು ಬುದ್ಧಿ ಹೋದವರೆಂದು ಸಾರುವುದೂ ಅನ್ಯಾಯವೇ.

ಸಾಲಗಾರನು ಬುದ್ಧಿ ಸಾಲದವನೋ ದುರ್ಬಲನೋ ಆಗಿ, ಕರಾರನ್ನು ತಾನೇ ಹೇಳಿ ಬರೆಸಲಾಗದಿದ್ದರೆ ಅವನ ಪೋಷಕನು ನ್ಯಾಯದಿಂದ ಬರೆಸಲಿ ಎಂದು ಅಲ್‌ಬಕರ 282ನೆಯ ಸೂಕ್ತ ಕಲಿಸುತ್ತದೆ. ಗಮನಿಸಿರಿ: ಯಾವ ಕೆಲಸ ಅವನಿಂದಾಗದೋ ಆ ಕೆಲಸಕ್ಕೆ ನೆರವು. ಅವನ ಹಕ್ಕು ಅವನಲ್ಲೇ ಉಳಿಯುತ್ತದೆ. ಲೆಕ್ಕ ತಪ್ಪುವ ನೇಕಾರ ಇನ್ನೂ ಲಾಳಿಗೆ ನೂಲು ಸುತ್ತಬಲ್ಲನಾದರೆ ಸುತ್ತಲಿ. ರಕಅತ್ ಮರೆಯುವ ತಂದೆಗೆ ‘ಇನ್ನು ನಿಮಗೆ ನಮಾಝ್ ಬೇಡ’ ಎನ್ನುವ ಬದಲು ಮಗನು ಮುಂದೆ ನಿಂತು ಇಮಾಮನಾಗಲಿ.

ಎರಡು ವಾರ ಗಮನಿಸಿ ಬರೆದಿಡಿರಿ: ತಾನಾಗಿ ಮಾಡಿದ್ದು ಯಾವುದು, ನೆನಪಿಸಿದ ಮೇಲೆ ಮಾಡಿದ್ದು ಯಾವುದು, ಆಗದೇ ಹೋದದ್ದು ಯಾವುದು, ಏಕೆ? ಅದನ್ನು ವೈದ್ಯರ ಮುಂದಿಡಿರಿ. ಆದರೆ ಹಿರಿಯರೆದುರೇ ಅವರ ತಪ್ಪುಗಳನ್ನು ಎಣಿಸಬೇಡಿರಿ. ಮುಪ್ಪಿನ ಮಾತಾಪಿತರಿಗೆ ‘ಛೆ’ ಎನ್ನುವುದನ್ನೂ ಅಲ್ಲಾಹನು ನಿಷೇಧಿಸಿದ್ದಾನೆ. ಸತ್ಯವನ್ನು ಹೇಳುವುದೂ ಅವರ ಮಾನ ಕಾಯುವುದೂ ಎರಡೂ ನಮ್ಮದೇ ಹೊಣೆ.